ಹಲ್ಲು ಆಮೇಲೆ, ಮೊದಲು ನೆಲ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಬೋರ್‌ವೆಲ್ ಪಾಯಿಂಟಿನದ್ದು ಬಿಟ್ಟರೆ ಈಚೆಗೆ ಹೆಚ್ಚು ಬರುತ್ತಿರುವುದು ಶಾರ್ಕ್ ಹಲ್ಲಿನದ್ದು. ಸಮುದ್ರ ನೋಡಬೇಕೆಂದರೆ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯಬೇಕಾದ ಬೇಲೂರಿನ ಜನಕ್ಕೆ ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ನಗಬೇಡಿ. ಅಮೆರಿಕದ ಹೊಳೆದಂಡೆಯಲ್ಲಿ ಜರಡಿ ಹಿಡಿದು ಅಂಗೈಯಗಲದ ಕರಿಹಲ್ಲು ಎತ್ತಿ ತೋರಿಸುವ ವಿಡಿಯೊಗಳನ್ನು ನಮ್ಮ ಮಕ್ಕಳೆಲ್ಲ ನೋಡುತ್ತಿದ್ದಾರೆ. ಜೊತೆಗೆ ಅರಸೀಕೆರೆ, ಹಾಸನ, ಬೇಲೂರಿನ ಎಷ್ಟೋ ಮನೆಗಳ ಮಕ್ಕಳು ಮೇರಿಲ್ಯಾಂಡು, ಫ್ಲಾರಿಡಾ ಎಂದು ನೆಲೆ ನಿಂತಿದ್ದಾರೆ. ರಜೆಗೆ ಬರುವ ಮೊಮ್ಮಕ್ಕಳ ಚೀಲದಲ್ಲಿ ಚಾಕೊಲೇಟಿನ ಜೊತೆ ಒಂದು ಪುಟ್ಟ ಡಬ್ಬಿ, ಅದರೊಳಗೆ ಹತ್ತಿಯ ಮೇಲೆ ಮಲಗಿಸಿದ ಹೊಳೆಯುವ ಹಲ್ಲುಗಳು. ಅದನ್ನು ನೋಡಿದ ಇಲ್ಲಿನ ಹುಡುಗರು ಮರುದಿನವೇ ಯಗಚಿ ದಂಡೆಗೆ ಹೊರಟುಬಿಡುತ್ತಾರೆ.

ಹೊರಟವರು ಬರಿಗೈಯಲ್ಲಿ ಬರುವುದಿಲ್ಲ ಎಂಬುದೇ ತಾಪತ್ರಯ. ಮುಕ್ಕೋನದ ಕಲ್ಲು ಎಲ್ಲ ಕಡೆಯೂ ಸಿಗುತ್ತದೆ. ಕಾಫಿ ತೋಟದ ಗುಂಡಿ ತೆಗೆಯುವಾಗ ಸಿಕ್ಕಿದ್ದು, ಶುಂಠಿ ಹೊಲದಲ್ಲಿ ಸಿಕ್ಕಿದ್ದು, ಕೆರೆ ಹೂಳಿನಲ್ಲಿ ಸಿಕ್ಕಿದ್ದು. "ಶಾರ್ಕಿಂದೇ ಮೇಷ್ಟ್ರೇ, ಮೊಬೈಲಲ್ಲಿ ಫೋಟೋ ಹಾಕಿ ನೋಡಿದ್ವಿ, ಅದೂ ಹಂಗೇ ಅಂತು" ಎನ್ನುತ್ತಾರೆ. ಮೊಬೈಲು ಹೇಳುವುದು ಸುಳ್ಳಲ್ಲ, ಆಕಾರ ನೋಡಿ ಹೇಳುತ್ತದೆ ಅಷ್ಟೆ. ಆ ಕಲ್ಲು ಯಾವ ನೆಲದಿಂದ ಎದ್ದು ಬಂತು ಎಂಬುದು ಅದಕ್ಕೆ ಗೊತ್ತಿಲ್ಲ. ಶಾರ್ಕ್ ಹಲ್ಲಿನ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಇರುವುದು ನೆಲದಲ್ಲೇ.

ನೇರ ಉತ್ತರ ಕೊಟ್ಟುಬಿಡುತ್ತೇನೆ. ಬೇಲೂರು, ಹಳೇಬೀಡು, ಅರಸೀಕೆರೆಯ ನೆಲದ ಕಲ್ಲಿನಲ್ಲಿ ಶಾರ್ಕ್ ಹಲ್ಲಿನ ಪಳೆಯುಳಿಕೆ ಸಿಗುವುದಿಲ್ಲ. ಇನ್ನೂ ಸಿಕ್ಕಿಲ್ಲ ಎಂದಲ್ಲ, ಸಿಗುವ ಹಾಗೇ ಇಲ್ಲ. ಹೇಮಾವತಿ ಅಣೆಕಟ್ಟೆಯ ಗೊರೂರು ನಮಗೆಲ್ಲ ಸಾಹಿತ್ಯದಿಂದ ಪರಿಚಿತ ಊರು. ಭೂವಿಜ್ಞಾನಿಗಳಿಗೆ ಮಾತ್ರ ಅದು ಗೊರೂರು ನೈಸ್ ಎಂಬ ಕಲ್ಲಿನ ಊರು. ಬಿಳಿ, ಬೂದು, ಕಪ್ಪು ಪಟ್ಟೆಗಳ ಆ ಕಲ್ಲಿಗೆ ಸುಮಾರು 330 ಕೋಟಿ ವರ್ಷ. ಇಡೀ ಭಾರತದಲ್ಲೇ ಬಹಳ ಹಳೆಯದೆಂದು ಎಣಿಸುವ ಕಲ್ಲುಗಳಲ್ಲಿ ಅದೂ ಒಂದು. ನುಗ್ಗೇಹಳ್ಳಿ, ಹೊಳೆನರಸೀಪುರದ ಪಟ್ಟಿಗಳಲ್ಲೂ ಇದೇ ಕಾಲದ ಆಸುಪಾಸಿನ ಪುರಾತನ ಕಲ್ಲುಗಳಿವೆ. ಭೈರಾಪುರದ ಕ್ರೋಮೈಟ್ ಗಣಿ ಇರುವುದು ಅಂಥ ಕಲ್ಲಿನಲ್ಲೇ. ಶಾರ್ಕ್ ಜಾತಿಯ ಹಲ್ಲುಗಳ ದಾಖಲೆಯಾದರೋ ಹಿಂದೆ ಹಿಂದೆ ಹೋದರೂ ಸುಮಾರು 40 ಕೋಟಿ ವರ್ಷಕ್ಕೆ ನಿಲ್ಲುತ್ತದೆ. ನಮ್ಮ ಕಲ್ಲು ಗಟ್ಟಿಯಾಗಿ 290 ಕೋಟಿ ವರ್ಷ ಕಳೆದ ಮೇಲೆ ಮೊದಲ ಶಾರ್ಕ್ ಹಲ್ಲು ಸಮುದ್ರಕ್ಕೆ ಬಿತ್ತು.

ಇದಕ್ಕೆ ಓದುಗರ ಸಿದ್ಧ ಪ್ರಶ್ನೆಯೊಂದಿದೆ: "ಇಲ್ಲೂ ಒಂದು ಕಾಲದಲ್ಲಿ ಸಮುದ್ರ ಇತ್ತಂತಲ್ಲ?" ಇತ್ತು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂಥ ಲಾವಾ ಗುಡ್ಡೆ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿ ಕಾಪಾಡಿದ್ದಾರೆ. ಲಾವಾ ನೀರಿನೊಳಗೆ ಉಕ್ಕಿ ತಣ್ಣಗಾದಾಗ ಮಾತ್ರ ಆ ದಿಂಬಿನ ಆಕಾರ ಬರುವುದು. ತುಮಕೂರು ಜಿಲ್ಲೆಯ ದೊಡ್ಡಗುಣಿ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರ ಪದರದ ರಚನೆಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪಾಚಿಯಂತೆ ಹಾಸಿಕೊಂಡು ಕಟ್ಟಿದ್ದು. ಕರ್ನಾಟಕದ ನಿಜವಾದ ಹಳೆಯ ಪಳೆಯುಳಿಕೆ ಇಂಥದ್ದು. 250 ಕೋಟಿ ವರ್ಷಕ್ಕೂ ಹಿಂದಿನ ಆ ಸಮುದ್ರದಲ್ಲಿ ನೀರಿತ್ತು, ಅಲೆಯಿತ್ತು, ಕಣ್ಣಿಗೆ ಕಾಣದ ಜೀವವೂ ಇತ್ತು. ಹಲ್ಲಿದ್ದವರು ಯಾರೂ ಇರಲಿಲ್ಲ. ಬಾಗಲಕೋಟೆ, ಬಾದಾಮಿಯ ಕಲಾದಗಿ ಕಲ್ಲುಗಳು, ಶಹಾಬಾದಿನ ಚಪ್ಪಡಿ ಕಲ್ಲುಗಳು ಇವಕ್ಕಿಂತ ಎಷ್ಟೋ ಈಚಿನವು. ಆದರೂ ಶಾರ್ಕಿಗಿಂತ ಹಿರಿಯವೇ. ಮನೆಗೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ಜರಿಗಿಡದಂಥ ಕಪ್ಪು ಚಿತ್ತಾರ ಕಂಡರೆ ಅದೂ ಗಿಡವಲ್ಲ. ಬಿರುಕಿನೊಳಗೆ ನೀರಿನ ಜೊತೆ ಇಳಿದ ಮ್ಯಾಂಗನೀಸ್ ಕವಲೊಡೆದು ಹಾಗೆ ಹರಡಿಕೊಂಡಿರುತ್ತದೆ.

ಹಾಗಾದರೆ ಯಗಚಿ ದಂಡೆಯಲ್ಲಿ ಸಿಕ್ಕ ಆ ಮುಕ್ಕೋನ ಏನು? ಬೆಳ್ಳಗೆ, ಮಂಜು ಮಂಜಾಗಿ, ಅಂಚು ಚೂಪಾಗಿದ್ದರೆ ಬೆಣಚುಕಲ್ಲು. ಕಿಟಕಿ ಗಾಜಿನ ಚೂರಿನ ಮೇಲೆ ಎಳೆದರೆ ಗೀರು ಬೀಳುತ್ತದೆ. ಹಲ್ಲಿಗೆ ಅಷ್ಟು ಗಡಸುತನವಿಲ್ಲ. ಕಪ್ಪಗೆ ಭಾರವಾಗಿದ್ದರೆ ಬಹುಮಟ್ಟಿಗೆ ಡಾಲರೈಟಿನ ಚಕ್ಕೆ. ಹಳೆಯ ನೈಸ್ ಕಲ್ಲನ್ನು ಸೀಳಿಕೊಂಡು ಮೇಲೆದ್ದ ಕರಿಕಲ್ಲಿನ ಗೋಡೆಗಳು ನಮ್ಮ ಜಿಲ್ಲೆಯ ತುಂಬ ಇವೆ. ಆದರೆ ಆ ಕಪ್ಪು ಕಲ್ಲು ಒಂದು ಕಡೆ ಅಗಲವಾಗಿ, ಅಂಚು ಉಜ್ಜಿದಂತೆ ನುಣುಪಾಗಿ, ಇನ್ನೊಂದು ಕಡೆ ಮೊನಚಾಗಿದ್ದರೆ ದಯವಿಟ್ಟು ಅದನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಅದು ನವಶಿಲಾಯುಗದ ಕೊಡಲಿ ಇರಬಹುದು. ಕರ್ನಾಟಕದ ಹಲವು ಕಡೆ ಇಂಥವು ಹೊಲದಲ್ಲೇ ಸಿಕ್ಕಿವೆ. ಎಲ್ಲಿ ಸಿಕ್ಕಿತೋ ಆ ಜಾಗ ಗುರುತು ಮಾಡಿ ಪುರಾತತ್ವ ಇಲಾಖೆಗೆ ತಿಳಿಸಿದರೆ ಶಾರ್ಕ್ ಹಲ್ಲಿಗಿಂತ ದೊಡ್ಡ ಕೆಲಸ ಮಾಡಿದ ಹಾಗೆ.

ನಮ್ಮೂರಲ್ಲಿ ಕಲ್ಲಿನೊಳಗಿನ ಜಲಚರದ ಹಲ್ಲು ನೋಡಲೇಬೇಕೆಂದರೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರನ ಗೋಡೆಯ ಬುಡದಲ್ಲಿ ಆನೆ ಸಾಲು, ಸಿಂಹದ ಸಾಲು, ಕುದುರೆ ಸವಾರರು, ಕಥಾಪಟ್ಟಿಕೆ ದಾಟಿ ಮೇಲೆ ಬಂದರೆ ಹಂಸಗಳಿಗೂ ಕೆಳಗೆ ಮಕರಗಳ ಸಾಲಿದೆ. ಬಾಯಿ ತೆರೆದು, ಬಾಲವನ್ನು ಬಳ್ಳಿಯಾಗಿಸಿಕೊಂಡು ಒಂದರ ಹಿಂದೊಂದು. ಅದನ್ನು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಭೂವಿಜ್ಞಾನಿಗಳು ಕ್ಲೋರೈಟ್ ಶಿಸ್ಟ್ ಎನ್ನುತ್ತಾರೆ. ಭೂಮಿಯೊಳಗಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ರೂಪ ಬದಲಿಸಿದ ಕಲ್ಲು ಅದು. ಒಳಗೆ ಏನಾದರೂ ಇದ್ದಿದ್ದರೂ ಗುರುತು ಉಳಿಯುತ್ತಿರಲಿಲ್ಲ. ಅಲ್ಲಿರುವ ಹಲ್ಲೆಲ್ಲ ರೂವಾರಿಗಳ ಉಳಿಯಿಂದ ಬಂದದ್ದು.

ಇನ್ನು ನಿಜವಾದ ಹಲ್ಲಿನ ನೆಲ ಎಲ್ಲಿದೆ? ನಮಗೆ ಹತ್ತಿರದ್ದು ತಮಿಳುನಾಡಿನ ಅರಿಯಲೂರು, ಪೆರಂಬಲೂರು ಸೀಮೆ. ತಿರುಚ್ಚಿಯಿಂದ ಬಸ್ಸಿನಲ್ಲಿ ಹೋಗಿಬರಬಹುದು. ಸುಮಾರು 10 ಕೋಟಿ ವರ್ಷದ ಹಿಂದೆ ಬಂಗಾಳಕೊಲ್ಲಿ ಒಳನಾಡಿಗೆ ನುಗ್ಗಿ ಅಲ್ಲೆಲ್ಲ ಜೇಡಿ, ಮರಳು, ಸುಣ್ಣ ಪದರ ಪದರವಾಗಿ ಕೂತಿತು. ಆ ಸುಣ್ಣಕಲ್ಲನ್ನೇ ಈಗ ಸಿಮೆಂಟ್ ಕಾರ್ಖಾನೆಗಳು ಅಗೆಯುತ್ತಿವೆ. ಕಾರೈ ಎಂಬ ಹಳ್ಳಿಯ ಹತ್ತಿರ ಹುಲ್ಲುಕಡ್ಡಿ ಹುಟ್ಟದ, ಮಳೆನೀರು ಕೊರೆದು ಕೊರಕಲಾದ ಮಣ್ಣಿನ ದಿಬ್ಬಗಳಿವೆ. 2011ರಲ್ಲಿ ಚಾರ್ಲಿ ಅಂಡರ್‌ವುಡ್, ಅಂಜಲಿ ಗೋಸ್ವಾಮಿ, ಜಿ.ವಿ.ಆರ್. ಪ್ರಸಾದ್ ಮತ್ತು ಜೊತೆಗಾರರು ಇಲ್ಲಿನ ಶಾರ್ಕ್ ಹಲ್ಲುಗಳನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು; ದಕ್ಷಿಣ ಭಾರತದ ಹೆಸರನ್ನೇ ಹೊತ್ತ ಡ್ವಾರ್ಡಿಯಸ್ ಸುದಿಂಡಿಕಸ್ ಎಂಬ ಹೊಸ ಜಾತಿ ಅದರಲ್ಲಿತ್ತು.

ಆದರೆ ಇಲ್ಲಿನ ಹಲ್ಲುಗಳ ಕಥೆ ಶುರುವಾದದ್ದು ವಿಜ್ಞಾನಿಗಳಿಂದಲ್ಲ. 1840ರ ದಶಕದಲ್ಲಿ ಮದರಾಸಿನ ಕಂಪನಿ ಸರ್ಕಾರದ ನೌಕರಿಯಲ್ಲಿದ್ದ ಕೇ ಮತ್ತು ಕನ್ಲಿಫ್ ಎಂಬ ಇಬ್ಬರು ಅಧಿಕಾರಿಗಳು ಪಾಂಡಿಚೇರಿಯ ಸುತ್ತಮುತ್ತ ಚಿಪ್ಪು, ಹಲ್ಲು ಆಯ್ದು ಕೂಡಿಟ್ಟರು. ಅವರು ಕಳಿಸಿದ ಮೀನಿನ ಅವಶೇಷಗಳನ್ನು ಇಂಗ್ಲೆಂಡಿನಲ್ಲಿ ಫಿಲಿಪ್ ಎಗರ್ಟನ್ 1845ರಲ್ಲಿ ವಿವರಿಸಿದ. ಹೆನ್ರಿ ಬ್ಲ್ಯಾನ್‌ಫರ್ಡ್ ಆ ಪ್ರದೇಶದ ಭೂಪಟ ಮಾಡಿದ್ದು ಅದಾದ ಮೇಲೆ. ಕಚೇರಿ ಕೆಲಸ ಮುಗಿಸಿ ಕಲ್ಲು ಆಯುತ್ತಿದ್ದ ಆ ಹವ್ಯಾಸಿಗಳ ಹೆಸರು ಇವತ್ತಿಗೂ ಉಳಿದಿರುವುದಕ್ಕೆ ಕಾರಣ ಹಲ್ಲಿನ ಅಂದವಲ್ಲ. ಯಾವ ಪದರದ್ದು, ಯಾವ ಊರಿನದ್ದು ಎಂದು ಬರೆದಿಟ್ಟದ್ದು.

ಉಳಿದ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಕೇರಳದ ಕೊಲ್ಲಂ ಬಳಿ, ಅಷ್ಟಮುಡಿ ಹಿನ್ನೀರಿನ ದಡದ ಪಡಪ್ಪಕ್ಕರದಲ್ಲಿ ಮಯೋಸೀನ್ ಕಾಲದ ಸುಣ್ಣಕಲ್ಲಿದೆ. ಶಾರ್ಕ್ ಮತ್ತು ತೊರಕೆ ಮೀನಿನ ಹಲ್ಲು ಅದರಲ್ಲಿ ದೊರೆತಿವೆ. ಒಡಿಶಾದ ಬಾರಿಪದದ ಹತ್ತಿರ ನದಿದಂಡೆಯ ಪದರಗಳಲ್ಲಿ ಹೆಸರಾಂತ ದೈತ್ಯ ಶಾರ್ಕ್ ಮೆಗಲೊಡಾನಿನ ಹಲ್ಲೇ ದಾಖಲಾಗಿದೆ. ಕಛ್ ಅಂತೂ ಹಲ್ಲಿನ ಕಣಜ. ರಾಜಸ್ಥಾನದ ಜೈಸಲ್ಮೇರಿನಲ್ಲಿ ಜುರಾಸಿಕ್ ಕಾಲದ ಕಲ್ಲಿನಿಂದ ಸಿಕ್ಕ ಹಲ್ಲುಗಳಿಗೆ 2021ರಲ್ಲಿ ಸ್ಟ್ರೊಫೋಡಸ್ ಜೈಸಲ್ಮೇರೆನ್ಸಿಸ್ ಎಂದು ಹೆಸರಿಟ್ಟರು. ಚಿಪ್ಪು ಅಗಿದು ಪುಡಿಮಾಡಲು ಹೇಳಿಮಾಡಿಸಿದ ಹಲ್ಲು ಅದು. ನಮ್ಮ ಕರಾವಳಿಯ ಮಾತೇನು ಎಂದು ಮಂಗಳೂರು ಕಡೆಯವರು ಕೇಳಬಹುದು. ಅಲ್ಲಿ ಜಂಬಿಟ್ಟಿಗೆ, ಅದರಡಿ ಮತ್ತೆ ನಮ್ಮದೇ ಹಳೆಯ ನೈಸ್. ಮಲ್ಪೆಯ ಮರಳಿನಲ್ಲಿ ಬೆಳ್ಳನೆ ಹಲ್ಲು ಸಿಕ್ಕರೆ ಅದು ಮೊನ್ನೆ ಮೊನ್ನೆ ಬದುಕಿದ್ದ ಶಾರ್ಕಿನದು.

ಕಾರೈಯಲ್ಲಿ ನಡೆದಾಡಿದ ಅನುಭವದಿಂದ ಹುಡುಕುವ ರೀತಿ ಹೇಳುತ್ತೇನೆ. ಅಲ್ಲಿ ಯಾರೂ ಪಿಕಾಸಿ ಹಿಡಿದು ಅಗೆಯುವುದಿಲ್ಲ, ಅಗೆಯಲೂಬಾರದು. ಮಳೆ ಆ ಕೆಲಸ ಮಾಡಿಟ್ಟಿರುತ್ತದೆ. ಒಂದು ಹದ ಮಳೆ ಬಿದ್ದು ಒಣಗಿದ ಮೇಲೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಕೊರಕಲಿನ ಕೆಳಗೆ ಹರಳು ಬಂದು ನಿಂತ ಕಡೆ ಕೂತು ನೋಡಬೇಕು. ಸೂರ್ಯನಿಗೆ ಮುಖ ಮಾಡಿ ನೋಡಿದರೆ ಹೊಳಪು ಬೇಗ ಸಿಕ್ಕುತ್ತದೆ. ಮೊದಮೊದಲು ಕಣ್ಣಿಗೆ ಬೀಳುವುದೆಲ್ಲ ಮೋಸವೇ. ಮಣ್ಣಿನ ತುಂಬ ಜಿಪ್ಸಮ್ ಹರಳು ಮಿನುಗುತ್ತದೆ. ಉಗುರಿನಿಂದ ಕೆರೆದರೆ ಪುಡಿ ಬಂದರೆ ಅದನ್ನು ಬಿಡಿ. ಪೆನ್ಸಿಲ್ ತುಂಡಿನಂತೆ ದುಂಡಗೆ, ತುದಿ ಚೂಪಾಗಿ ಬಿದ್ದಿರುವ ಕಂದು ಕಡ್ಡಿಗಳು ಲೆಕ್ಕವಿಲ್ಲದಷ್ಟು. ಹಲ್ಲು ಎಂದು ಎಲ್ಲರೂ ಆರಿಸುವುದು ಇದನ್ನೇ. ಅದು ಬೆಲೆಮ್‌ನೈಟ್, ಸ್ಕ್ವಿಡ್ ಜಾತಿಯ ಅಳಿದುಹೋದ ಪ್ರಾಣಿಯ ಒಳಕಡ್ಡಿ. ಮುರಿದ ತುದಿ ನೋಡಿ, ನಡುವಿನಿಂದ ಸುತ್ತಲೂ ಕಿರಣದಂತೆ ಗೆರೆ ಹೊರಟಿದ್ದರೆ ಅದೇ. ಶಾರ್ಕ್ ಹಲ್ಲು ಇವುಗಳ ನಡುವೆ ಹೆಚ್ಚಾಗಿ ಕಡಲೆಕಾಳಿನಷ್ಟು ಇರುತ್ತದೆ. ವಿಡಿಯೊದ ಅಂಗೈಯಗಲದ ಹಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರು ಅದರ ಮೇಲೇ ಕಾಲಿಟ್ಟು ಮುಂದೆ ಹೋಗಿರುತ್ತಾರೆ.

ಇಷ್ಟಕ್ಕೂ ಶಾರ್ಕ್ ಹಲ್ಲೇ ಏಕೆ ಇಷ್ಟು ಸಿಗುತ್ತದೆ? ಶಾರ್ಕಿನ ಮೈಯಲ್ಲಿ ಮೂಳೆಯಿಲ್ಲ, ಎಲ್ಲ ಮೃದ್ವಸ್ಥಿ. ಸತ್ತರೆ ಅದು ಕೊಳೆತುಹೋಗುತ್ತದೆ, ಉಳಿಯುವುದು ಹಲ್ಲು. ಆ ಹಲ್ಲಾದರೂ ಒಂದು ಸಲ ಹುಟ್ಟಿ ಮುಗಿಯುವಂಥದ್ದಲ್ಲ. ಮುಂದಿನ ಹಲ್ಲಿನ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಮತ್ತೊಂದು, ಮದುವೆಮನೆ ಊಟದಲ್ಲಿ ಕೂತವರ ಬೆನ್ನಿಗೆ ನಿಂತು ಕಾಯುವವರಂತೆ. ಒಂದು ಬಿದ್ದರೆ ಇನ್ನೊಂದು ಮುಂದೆ ಬರುತ್ತದೆ. ಒಂದೇ ಶಾರ್ಕ್ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಹಲ್ಲಿನ ಹೊರಕವಚ ಫ್ಲೋರಿನ್ ಬೆರೆತ ಅಪಟೈಟ್ ಖನಿಜ. ಗಟ್ಟಿ, ಬೇಗ ಕರಗುವುದಿಲ್ಲ. ಬಿದ್ದ ಹಲ್ಲು ಕೆಸರಿನಲ್ಲಿ ಹೂತರೆ ಆ ಕೆಸರಿನ ಖನಿಜಗಳನ್ನೇ ಹೀರಿಕೊಂಡು ಬಣ್ಣ ಬದಲಿಸುತ್ತದೆ. ಹಾಗಾಗಿ ಕಪ್ಪಿದ್ದರೆ ತುಂಬ ಹಳೆಯದು, ಕಂದಿದ್ದರೆ ಈಚಿನದು ಎಂಬ ಲೆಕ್ಕ ಸರಿಯಲ್ಲ. ಬಣ್ಣ ಹೇಳುವುದು ಹೂತಿದ್ದ ಮಣ್ಣಿನ ಸುದ್ದಿಯನ್ನು, ವಯಸ್ಸನ್ನಲ್ಲ.

ಗುರುತಿಸುವುದನ್ನು ಕಲಿಯಲು ಪುಸ್ತಕಕ್ಕಿಂತ ಒಳ್ಳೆಯ ಪಾಠಶಾಲೆ ಮೀನಿನಂಗಡಿ. ಮಂಗಳೂರಿನಿಂದ ಐಸ್ ಹಾಕಿಕೊಂಡು ಘಟ್ಟ ಹತ್ತಿ ಬರುವ ಮೀನಿನಲ್ಲಿ ಒಮ್ಮೊಮ್ಮೆ ಮರಿಶಾರ್ಕ್ ಇರುತ್ತದೆ. ಕರಾವಳಿಯವರ ತಾಟೆ, ಕೊಂಕಣಿಗರ ಮೋರಿ. ತಲೆ ಬಿಸಾಡುವ ಮುನ್ನ ಕೇಳಿ ತೆಗೆದುಕೊಳ್ಳಿ. ದವಡೆ ಬಿಡಿಸಿ, ಬಿಸಿನೀರಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಿ. ಮನೆಯಲ್ಲಿ ವಾಸನೆಗೆ ಬೈಸಿಕೊಳ್ಳುವುದು ನಿಮ್ಮ ಜವಾಬ್ದಾರಿ. ಭೂತಗನ್ನಡಿ ಹಿಡಿದು ನೋಡಿದರೆ ಎಲ್ಲ ತಿಳಿಯುತ್ತದೆ. ಒಂದೇ ಬಾಯಲ್ಲಿ ಮೇಲಿನ ಹಲ್ಲು ಒಂದು ಬಗೆ, ಕೆಳಗಿನದ್ದು ಇನ್ನೊಂದು ಬಗೆ, ಮೂಲೆಯದ್ದು ಮತ್ತೊಂದು ಬಗೆ. ಹವ್ಯಾಸಿಗಳು ಒಂದೇ ಜಾತಿಯ ಹಲ್ಲುಗಳಿಗೆ ಮೂರು ಹೆಸರು ಕೊಡುವುದು ಇದನ್ನು ನೋಡದೆ.

ಕೈಯಲ್ಲಿರುವ ಹಲ್ಲಿಗೆ ಎರಡು ಮುಖ ಇರುತ್ತವೆ. ಸಪಾಟಾಗಿರುವುದು ತುಟಿಯ ಕಡೆಯದು, ಉಬ್ಬಿರುವುದು ನಾಲಿಗೆಯ ಕಡೆಯದು. ಹೊಳೆಯುವ ಮೊನೆಭಾಗ ಮೇಲೆ, ಒರಟಾದ ಬೇರು ಕೆಳಗೆ. ಬೇರು ಮುರಿದುಹೋದ ಹಲ್ಲಿಗೆ ಖಚಿತವಾಗಿ ಹೆಸರು ಹೇಳುವುದು ನನ್ನಿಂದಂತೂ ಕಷ್ಟ, ಯಾಕೆಂದರೆ ಬೇರಿನ ಕವಲು ಎಷ್ಟು ಅಗಲ, ನಡುವೆ ಗೀರು ಇದೆಯೋ ಇಲ್ಲವೋ ಎನ್ನುವುದೆಲ್ಲ ಬೇಕಾಗುತ್ತದೆ. ಅಂಚಿಗೆ ಬೆರಳು ತಾಗಿಸಿ ನೋಡಿ, ಗರಗಸವೋ ನುಣುಪೋ? ಮೊನೆಯ ಎರಡು ಪಕ್ಕದಲ್ಲಿ ಪುಟ್ಟ ಮರಿಮೊನೆಗಳಿವೆಯೋ? ಇಷ್ಟು ನೋಡಿದರೆ ಮನೆಗೆ ಬರುವ ಮುಕ್ಕಾಲು ಪಾಲು ಹಲ್ಲುಗಳ ಕುಲ ಗೊತ್ತಾಗುತ್ತದೆ. ಸಣ್ಣಗೆ ಉದ್ದವಾಗಿ, ಅಂಚು ನುಣುಪಾಗಿ, ಪಕ್ಕದಲ್ಲಿ ಸೂಜಿಯಂಥ ಮರಿಮೊನೆ, ಬೇರು ಕವಣೆಯ ಕೋಲಿನಂತೆ ಕವಲಾಗಿ ನಡುವೆ ಆಳವಾದ ಗೀರಿದ್ದರೆ ಸ್ಯಾಂಡ್ ಟೈಗರ್ ಗುಂಪು. ಅಗಲ ಮುಕ್ಕೋನ, ಅಂಚಿಗೆ ಗರಗಸ, ಬೇರು ತೆಳುವಾಗಿದ್ದರೆ ಬುಲ್ ಶಾರ್ಕ್ ಬಳಗದ ಮೇಲ್ದವಡೆ. ಹುಂಜದ ಜುಟ್ಟಿನಂತೆ ಒಂದು ಕಡೆ ಬಾಗಿ, ಬಾಗಿದ ಕಡೆ ಆಳವಾದ ಕಚ್ಚು ಬಿದ್ದಿದ್ದರೆ ಟೈಗರ್ ಶಾರ್ಕ್. ಅಂಚಿನ ಗರಗಸ ದಪ್ಪದಪ್ಪನಾಗಿದ್ದು ತುದಿಗೆ ಬರುವ ಹೊತ್ತಿಗೆ ನಿಂತುಹೋಗಿದ್ದರೆ ಹೆಮಿಪ್ರಿಸ್ಟಿಸ್. ನನಗೆ ಎಲ್ಲಕ್ಕಿಂತ ಇಷ್ಟದ್ದು ಇದು. ಮೊನೆಯೇ ಇಲ್ಲದೆ, ಒರಳಿನ ಮೈಯಂತೆ ಏಣುಗಳಿದ್ದ ಚಪ್ಪಟೆ ಹಲ್ಲು ಸಿಕ್ಕರೆ, ಅದೂ ಕಾರೈಯಂಥ ಕಡೆ, ಅದು ಟೈಕೋಡಸ್. ಕಚ್ಚುವ ಹಲ್ಲಲ್ಲ, ಅರೆಯುವ ಹಲ್ಲು.

ಇಲ್ಲೇ ನೆಲದ ಮಾತು ಮತ್ತೆ ಬರುವುದು. ಅರಿಯಲೂರಿನ ಪದರಗಳು ಕೂತ ಕ್ರಿಟೇಷಿಯಸ್ ಕಾಲದ ಸ್ಕ್ವಾಲಿಕೋರಾಕ್ಸ್ ಎಂಬ ಶಾರ್ಕಿನ ಹಲ್ಲು ಮತ್ತು ಈಗಿನ ಟೈಗರ್ ಶಾರ್ಕ್ ಹಲ್ಲು ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡೂ ಬಾಗಿದವು, ಎರಡಕ್ಕೂ ಗರಗಸ. ಸಂಬಂಧ ಮಾತ್ರ ಬಹಳ ದೂರದ್ದು. ಒಂದೇ ಬಗೆಯ ಊಟಕ್ಕೆ ಹಲ್ಲು ಒಂದೇ ಬಗೆಗೆ ತಿರುಗಿದೆ. ಅರಿಯಲೂರಿನದು ಎಂದು ಚೀಟಿ ಇದ್ದರೆ ಮೊದಲನೆಯದ್ದರ ಕಡೆ ನೋಡಬೇಕು, ಕೊಲ್ಲಂನದು ಎಂದಿದ್ದರೆ ಮೊದಲನೆಯದ್ದರ ಮಾತೇ ಇಲ್ಲ, ಕೊಲ್ಲಂನ ಕಲ್ಲು ಕೂರುವ ಹೊತ್ತಿಗೆ ಅದು ಅಳಿದು ಕೋಟ್ಯಂತರ ವರ್ಷವಾಗಿತ್ತು. ಚೀಟಿ ಇಲ್ಲದ ಹಲ್ಲನ್ನು ತಂದು ಮುಂದಿಟ್ಟರೆ ಊಹೆ ಹೇಳಬಹುದು ಅಷ್ಟೆ.

ಅಮೆರಿಕದಿಂದ ಬಂದ ಡಬ್ಬಿಗಳಲ್ಲಿ ನಾನು ನೋಡಿದ್ದು ಬಹುತೇಕ ಮೇರಿಲ್ಯಾಂಡಿನ ಕಾಲ್ವರ್ಟ್ ಕ್ಲಿಫ್ಸ್ ಕಡೆಯವು, ಇಲ್ಲ ಫ್ಲಾರಿಡಾದ ವೆನಿಸ್ ಕಡಲತೀರದವು. ಕಾಲ್ವರ್ಟಿನಲ್ಲಿ ಮಯೋಸೀನ್ ಕಾಲದ ಮಣ್ಣಿನ ಬಂಡೆ ಕುಸಿದು ಕೊಲ್ಲಿಯ ನೀರಿಗೆ ಬೀಳುತ್ತಿರುತ್ತದೆ, ಅಲೆ ಹಲ್ಲನ್ನು ತೊಳೆದು ದಡಕ್ಕೆ ಎಸೆಯುತ್ತದೆ. ಬಂಡೆಯ ಬುಡಕ್ಕೆ ಹೋಗುವುದು ಅಪಾಯ, ದಂಡೆಯ ಮರಳಿನಲ್ಲಿ ಆರಿಸುವುದಷ್ಟೇ. ಫ್ಲಾರಿಡಾದಲ್ಲಿ ಸರ್ಕಾರಿ ನೆಲದಲ್ಲಿ ಬೆನ್ನೆಲುಬುಳ್ಳ ಪ್ರಾಣಿಗಳ ಪಳೆಯುಳಿಕೆ ಆರಿಸಲು ಪರವಾನಗಿ ಬೇಕು. ಶಾರ್ಕ್ ಹಲ್ಲಿಗೆ ಮಾತ್ರ ವಿನಾಯಿತಿ. ಅಷ್ಟು ಹೇರಳ. ಮೆಗಲೊಡಾನ್ ಎಂದು ಎಲ್ಲರೂ ಹೆಮ್ಮೆಯಿಂದ ತೋರಿಸುವ ಹಲ್ಲುಗಳಲ್ಲಿ ಎಷ್ಟೋ ಬೇರೆಯವು. ಅಂಚು ನುಣುಪಾಗಿದ್ದರೆ ಅದು ಮೆಗಲೊಡಾನ್ ಅಲ್ಲ, ಮಾಕೋ ಬಳಗದ ದೊಡ್ಡಣ್ಣ ಇರಬಹುದು. ಮೆಗಲೊಡಾನಿನ ಅಂಚಿಗೆ ಉದ್ದಕ್ಕೂ ಸಣ್ಣ ಗರಗಸ, ನಾಲಿಗೆಯ ಕಡೆ ಮೊನೆಗೂ ಬೇರಿಗೂ ನಡುವೆ ಕತ್ತಿನ ಪಟ್ಟಿಯಂಥ ಮಬ್ಬು ಬಣ್ಣದ ಗೆರೆ. ಅದರ ಅತಿ ದೊಡ್ಡ ಹಲ್ಲುಗಳು 7 ಅಂಗುಲದ ಹತ್ತಿರ ಬರುತ್ತವೆ. ಪ್ರಾಣಿ ಅಳಿದು ಸುಮಾರು 36 ಲಕ್ಷ ವರ್ಷ.

ಹಲ್ಲನ್ನು ಹಲ್ಲು ಎಂದು ಒಪ್ಪಿಕೊಳ್ಳಲು ಜಗತ್ತಿಗೂ ಬಹಳ ಕಾಲ ಹಿಡಿಯಿತು. ಯುರೋಪಿನಲ್ಲಿ ಇವು ಕಲ್ಲಾದ ಹಾವಿನ ನಾಲಿಗೆ ಎಂದು ನಂಬಿ ವಿಷಕ್ಕೆ ಮದ್ದೆಂದು ಇಟ್ಟುಕೊಳ್ಳುತ್ತಿದ್ದರು. ಮಾಲ್ಟಾ ದ್ವೀಪದಿಂದ ಅವುಗಳ ವ್ಯಾಪಾರವೇ ನಡೆಯುತ್ತಿತ್ತು. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಹಿಡಿದ ದೊಡ್ಡ ಶಾರ್ಕಿನ ತಲೆಯನ್ನು ಫ್ಲಾರೆನ್ಸಿಗೆ ತರಿಸಿ ನಿಕೊಲಾಸ್ ಸ್ಟೆನೊ ಎಂಬ ವೈದ್ಯ ಕೊಯ್ದು ನೋಡಿದ. ಬಾಯಲ್ಲಿದ್ದದ್ದು ಮಾಲ್ಟಾದ ಆ ನಾಲಿಗೆಗಳೇ! ಕಲ್ಲಿನೊಳಗೆ ಹಲ್ಲು ಹೇಗೆ ಸೇರಿತು ಎಂದು ಯೋಚಿಸುತ್ತಾ ಹೋಗಿ, ಕೆಳಗಿನ ಪದರ ಮೊದಲು ಕೂತದ್ದು, ಮೇಲಿನದ್ದು ಆಮೇಲೆ ಎಂಬ ತತ್ವಕ್ಕೆ ಬಂದ. ಇಡೀ ಭೂವಿಜ್ಞಾನ ಇವತ್ತಿಗೂ ಅದರ ಮೇಲೆ ನಿಂತಿದೆ. ಅವನೂ ಹಲ್ಲಿನಿಂದ ನೆಲಕ್ಕೇ ಬಂದ ನೋಡಿ.

ನಮ್ಮ ಕಡೆಯವರಿಗೆ ಇದು ತೀರ ಪರಕೀಯವೂ ಅಲ್ಲ. ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇಟ್ಟ ಮನೆಗಳು ಬೇಲೂರಿನಲ್ಲಿ ಬೇಕಾದಷ್ಟಿವೆ. ಒಳಗೆ ಚಕ್ರದ ಗುರುತಿರುವ ಆ ಕರಿಕಲ್ಲು ನೇಪಾಳದ ಗಂಡಕಿ ನದಿಯದು. ಚಕ್ರ ಅಮ್ಮೊನೈಟ್ ಎಂಬ ಸಮುದ್ರ ಜೀವಿಯ ಚಿಪ್ಪಿನ ಸುರುಳಿ, ಜುರಾಸಿಕ್ ಕಾಲದ್ದು. ಹಿಮಾಲಯ ಏಳುವ ಮುಂಚಿನ ಸಮುದ್ರದ ತುಣುಕಿಗೆ ನಮ್ಮ ಅಜ್ಜಂದಿರು ದಿನಾ ತುಳಸಿ ಏರಿಸಿದ್ದಾರೆ. ಅದು ಎಲ್ಲಿಯದು ಎಂಬುದನ್ನು ಮಾತ್ರ ಯಾರೂ ಮರೆಯಲಿಲ್ಲ. ಗಂಡಕಿಯದು ಎಂದರೇ ಬೆಲೆ.

ಕೊಂಡುಕೊಳ್ಳುವ ವಿಷಯ. ಆನ್‌ಲೈನಿನಲ್ಲಿ, ನಗರಗಳ ಹರಳಿನ ಅಂಗಡಿಗಳಲ್ಲಿ ಮಾರುವ ಕಂದು-ಹಳದಿ ಹಲ್ಲುಗಳು ಹೆಚ್ಚಾಗಿ ಮೊರಾಕ್ಕೊ ದೇಶದ ಖೂರಿಬ್ಗಾ ಸುತ್ತಿನ ಫಾಸ್ಫೇಟ್ ಗಣಿಯವು. ಹಲ್ಲು ನಿಜವೇ, ಸುಮಾರು 5ರಿಂದ 6 ಕೋಟಿ ವರ್ಷದ್ದು, ಅಗ್ಗವೂ ಹೌದು. ಮೋಸ ಇರುವುದು ಕಟ್ಟುವಿಕೆಯಲ್ಲಿ. ಬೇರು ಮುರಿದ ಹಲ್ಲಿಗೆ ಮರಳು, ಅಂಟು ಕಲೆಸಿ ಬೇರು ಮಾಡಿ ಅಂಟಿಸುತ್ತಾರೆ. ಬಿಡಿಹಲ್ಲುಗಳನ್ನು ಹಾಗೇ ಕಲೆಸಿದ ಗಾರೆಯಲ್ಲಿ ನೆಟ್ಟು ದವಡೆ ಎಂದು ಮಾರುತ್ತಾರೆ. ಸೂಜಿಯ ತುದಿಯನ್ನು ಕಾಯಿಸಿ ಮೂಲೆಯಲ್ಲಿ ಮುಟ್ಟಿಸಿದರೆ ಪ್ಲಾಸ್ಟಿಕ್ಕಿನ ವಾಸನೆ ಬಂತೋ, ಗೊತ್ತಾಯಿತಲ್ಲ. ದೊಡ್ಡ ಮೆಗಲೊಡಾನ್ ಹಲ್ಲು ಹಗುರವಾಗಿದ್ದು, ಅಂಚಿನುದ್ದಕ್ಕೂ ಅಚ್ಚಿನ ಗೆರೆ, ಮೈಮೇಲೆ ಗುಳ್ಳೆಯ ತೂತು ಇದ್ದರೆ ರೆಸಿನ್. ಮಕ್ಕಳಿಗೆ ಒಂದು ಮೊರಾಕ್ಕೊ ಹಲ್ಲು ಕೊಡಿಸುವುದು ತಪ್ಪು ಎನ್ನಲಾರೆ. ಕೈಯಲ್ಲಿ ಹಿಡಿದು ಕಲಿಯಲು ಅದು ಸಾಕು. ಸಾವಿರಾರು ರೂಪಾಯಿ ಕೊಟ್ಟು ಅನಾಮಧೇಯ ಹಲ್ಲು ತಂದು ಶೋಕೇಸಿನಲ್ಲಿಡುವುದು ಮಾತ್ರ ನನಗೆ ಹಿಡಿಸದು. ಅದೇ ದುಡ್ಡಿನಲ್ಲಿ ಮನೆಮಂದಿಯೆಲ್ಲ ತಿರುಚ್ಚಿಗೆ ಹೋಗಿ, ಅರಿಯಲೂರಿನ ಪಳೆಯುಳಿಕೆ ಸಂಗ್ರಹಾಲಯ ನೋಡಿ, ಸಾತ್ತನೂರಿನ 18 ಮೀಟರ್ ಉದ್ದದ ಕಲ್ಲಾದ ಮರ ನೋಡಿ, ಶ್ರೀರಂಗನಿಗೊಂದು ನಮಸ್ಕಾರ ಹಾಕಿ ಬರಬಹುದು.

ಹೋದಾಗ ಆರಿಸಬಹುದೇ? ನಮ್ಮ ದೇಶದಲ್ಲಿ ಪಳೆಯುಳಿಕೆಯೂ ಸೇರಿದಂತೆ ಭೂವೈಜ್ಞಾನಿಕ ತಾಣ, ವಸ್ತುಗಳನ್ನು ಕಾಪಾಡುವ ಕಾನೂನು ತರಲು 2022ರಲ್ಲಿ ಕೇಂದ್ರ ಸರ್ಕಾರ ಕರಡು ಮಸೂದೆ ಪ್ರಕಟಿಸಿತ್ತು. ಅದು ಹೇಗೇ ಇರಲಿ, ಸಂರಕ್ಷಿತ ಜಾಗದಲ್ಲಿ ಒಂದು ಹರಳೂ ಮುಟ್ಟಬಾರದು, ಗಣಿಯೊಳಗೆ ಅನುಮತಿಯಿಲ್ಲದೆ ಕಾಲಿಡಬಾರದು, ಖಾಸಗಿ ಹೊಲವಾದರೆ ಮಾಲೀಕರನ್ನು ಕೇಳಬೇಕು. ಬೇಲೂರು, ಹಳೇಬೀಡಿನ ದೇವಾಲಯದ ಆವರಣದಿಂದ ಬಳಪದ ಕಲ್ಲಿನ ಚೂರು ನೆನಪಿಗೆಂದು ಒಯ್ಯುವವರೂ ಇದನ್ನು ಓದಿಕೊಳ್ಳಲಿ; ಅದು ಅಪರಾಧ. ನನ್ನ ಅಭಿಪ್ರಾಯ ಕೇಳಿದರೆ ಬಿಡಿಯಾಗಿ ಉದುರಿ ಬಿದ್ದದ್ದನ್ನು ನೋಡಿ, ಫೋಟೊ ತೆಗೆದು ಬಿಟ್ಟುಬರುವುದೇ ಒಳ್ಳೆಯದು. ಅಪರೂಪದ್ದು ಅನ್ನಿಸಿದರೆ ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಕಚೇರಿಯನ್ನೋ ಮೈಸೂರು ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗವನ್ನೋ ಕೇಳಬಹುದು.

ಡಬ್ಬಿಯಲ್ಲಿ ಆಗಲೇ ಹಲ್ಲಿರುವವರು ಒಂದು ಕೆಲಸ ಮಾಡಿ. ಮೊಮ್ಮಕ್ಕಳು ವಾಪಸು ವಿಮಾನ ಹತ್ತುವ ಮುನ್ನ ಪ್ರತಿ ಹಲ್ಲು ಯಾವ ದಂಡೆಯಲ್ಲಿ, ಯಾವ ತಿಂಗಳು, ಯಾರ ಕೈಗೆ ಸಿಕ್ಕಿತು ಎಂದು ಕೇಳಿ ಸಣ್ಣ ಚೀಟಿಯಲ್ಲಿ ಬರೆದು ಜೊತೆಗಿಡಿ. ಕೊಳೆ ತೆಗೆಯಲು ಬರೀ ನೀರು, ಮೆತ್ತನೆ ಬ್ರಷ್ಷು. ನಿಂಬೆಹುಳಿ, ವಿನೆಗರ್ ಹಾಕಿದರೆ ಹೊಳಪೇ ಕರಗಿಹೋಗುತ್ತದೆ. ನನಗೆ ಫೋಟೊ ಕಳಿಸುವುದಾದರೆ ಎರಡೂ ಮುಖದ್ದು ಕಳಿಸಿ, ಪಕ್ಕದಲ್ಲಿ ಸ್ಕೂಲಿನ ಅಳತೆಪಟ್ಟಿ ಇಡಿ, ನಾಣ್ಯ ಬೇಡ. ಒಂದು ರೂಪಾಯಿ ನಾಣ್ಯಗಳೇ ಎರಡು ಮೂರು ಅಳತೆಯಲ್ಲಿವೆ. ಚೀಟಿಯ ಫೋಟೊ ಮೊದಲು ಇರಲಿ, ಹಲ್ಲಿನದು ಆಮೇಲೆ. ಶುಂಠಿ ಹೊಲದಲ್ಲಿ ಸಿಕ್ಕ ಮುಕ್ಕೋನದ್ದನ್ನೂ ಕಳಿಸಿ, ಬೇಡ ಎನ್ನುವುದಿಲ್ಲ. ಕೊಡಲಿ ಇದ್ದರೂ ಇರಬಹುದು.